ಎರಡನೇ ಸಲ ಅದ್ದಿದ ಹಳದಿ

ನಾನಿದ್ದ ಮಹಡಿಯ ಕೆಳಗಿನ ಮನೆಯಲ್ಲಿ ಅತ್ತೆ ಸೊಸೆ ಸೇರಿ ಕೌದಿ ಮಾಡುತ್ತಿದ್ದರು. ಮೂಟೆಗಟ್ಟಲೆ ಬರುವ ಹಳೆಯ ಹೊದಿಕೆ, ಪರದೆ, ಕಾಲರ್ ಸವೆದ ಅಂಗಿಗಳನ್ನು ಬಿಚ್ಚಿ, ಒಗೆದು, ದಾಳಿಂಬೆ ಸಿಪ್ಪೆ ಕುದಿಸಿದ ನೀರಿನಲ್ಲಿ ಅದ್ದಿ ಹಳದಿ ಮಾಡುತ್ತಿದ್ದರು. ಅದ್ದುವುದು ಅತ್ತೆಯ ಕೆಲಸ, ಹೊಲಿಯುವುದು ಸೊಸೆಯದು. ಬಣ್ಣದ ಕೈ ಬಿಳಿ ಬಟ್ಟೆಗೆ ತಾಗಿದರೆ ಕಲೆಯಾಗುತ್ತದೆ ಎಂಬುದು ನೆಪ. ನಿಜವೇನೆಂದರೆ, ಬಣ್ಣ ಕುದಿಸುವ ಹಂಡೆಯ ಹತ್ತಿರ ಇನ್ನೊಬ್ಬರು ಸುಳಿಯುವುದು ಅತ್ತೆಗೆ ಆಗುತ್ತಿರಲಿಲ್ಲ. ಗಂಡ ತೀರಿಕೊಂಡ ಮೇಲೆ ಮಗನನ್ನು ಸಾಕಿ ದೊಡ್ಡವನನ್ನಾಗಿ ಮಾಡಿದ್ದು ಆ ಹಂಡೆಯೇ.

"ಇವಳ ಹೊಲಿಗೆಗೆ ಹೆಸರಿಡೋ ಹಾಗಿಲ್ಲ. ಆದ್ರೆ ಬಣ್ಣದ ವಿಷ್ಯದಲ್ಲಿ ಶುದ್ಧ ಕುರುಡಿ," ಎಂದು ಕೌದಿ ಕೊಳ್ಳಲು ಬರುವ ಅಂಗಡಿಯವರ ಎದುರಿಗೇ ಅಂದುಬಿಡುವರು. ಸೊಸೆ ತಲೆ ಎತ್ತದೆ ದಾರ ಪೋಣಿಸುವಳು. ಮಹಡಿಯಲ್ಲಿ ಕೂತ ನನಗೆ ಮೈಯೆಲ್ಲ ಉರಿಯುತ್ತಿತ್ತು.

ಆಮೇಲೆ ಅತ್ತೆಯ ಕಣ್ಣಿಗೆ ಪೊರೆ ಬಂತು. ಬಿಳಿ ಬಟ್ಟೆಯೂ ಹಳದಿಯಾಗಿ ಕಾಣತೊಡಗಿತು. ಹಾಗಾಗಿ ಒಂದೇ ಸಲ ಅದ್ದಿ, "ಸಾಕು, ಬಂಗಾರ ಬಂಗಾರ!" ಎಂದು ಹಿಂಡಿ ಹರವುವರು. ಒಣಗಿದ ಮೇಲೆ ನೋಡಿದರೆ ಟೀ ಚೆಲ್ಲಿ ಒಗೆದ ಬಟ್ಟೆಯ ಹಾಗಿರುತ್ತಿತ್ತು. ಆಸ್ಪತ್ರೆಯ ಹೆಸರೆತ್ತಿದರೆ, ನನ್ನ ಕಣ್ಣಿಗೇನಾಗಿದೆ ಧಾಡಿ ಎಂದು ಮಗನ ಮೇಲೆ ಹರಿಹಾಯುವರು.

ಅತ್ತೆ ಊಟ ಮುಗಿಸಿ ಅಡ್ಡಾದ ಮೇಲೆ ಸೊಸೆ ಹಿತ್ತಲಿಗೆ ಬರುತ್ತಿದ್ದಳು. ಹಂಡೆಯ ಕೆಳಗಿನ ಕೆಂಡ ಕೆದಕಿ, ಸಿಪ್ಪೆ ಇನ್ನಷ್ಟು ಹಾಕಿ, ಬಣ್ಣ ಕಚ್ಚಲು ಪಟಿಕ ಬೆರೆಸಿ, ಅವೇ ಬಟ್ಟೆಗಳನ್ನು ಮತ್ತೊಮ್ಮೆ ಅದ್ದುವಳು. ಅತ್ತೆ ಹರವಿದ್ದ ಹಗ್ಗಕ್ಕೇ, ಅದೇ ಸಾಲಿನಲ್ಲಿ ತಿರುಗಿ ಹಾಕುವಳು. ಒಂದು ದಿನ ಕಿಟಕಿಯಲ್ಲಿ ನನ್ನನ್ನು ಕಂಡು ಮೇಲೆ ಬಂದಳು.

"ಯಾರ ಹತ್ರನೂ ಹೇಳ್ಬೇಡಿ. ಗೊತ್ತಾದ್ರೆ ಅತ್ತೆ ಹಂಡೆ ಹತ್ರ ಬರೋದನ್ನೇ ಬಿಟ್ಬಿಡ್ತಾರೆ. ಅದಿಲ್ದೆ ಅವ್ರು ಬದುಕಲ್ಲ."

ವರ್ಷಕ್ಕೂ ಹೆಚ್ಚು ಕಾಲ ಹೀಗೆಯೇ ನಡೆಯಿತು. ಅಂಗಡಿಯವರು ಹಳದಿಯನ್ನು ಹೊಗಳುವರು, ಅತ್ತೆ ಉಬ್ಬಿಹೋಗುವರು. ಸೊಸೆ ಬೈಸಿಕೊಳ್ಳುತ್ತಲೇ ಇದ್ದಳು.

ಕೊನೆಗೆ ಮೆಟ್ಟಿಲು ಕಾಣದೆ ಬಿದ್ದು ಮಂಡಿ ತರಚಿಕೊಂಡ ಮೇಲೆ ಅತ್ತೆ ಕಣ್ಣಿನ ಆಪರೇಷನ್‌ಗೆ ಒಪ್ಪಿದರು. ಗುಣವಾಗುವವರೆಗೆ ಹಂಡೆ ಬೋರಲು ಬಿದ್ದಿತ್ತು. ಮತ್ತೆ ಒಲೆ ಹೊತ್ತಿಸಿದ ದಿನ, ಎಂದಿನಂತೆ ಒಂದು ಸಲ ಅದ್ದಿ ಬಟ್ಟೆ ಎತ್ತಿ ಬಿಸಿಲಿಗೆ ಹಿಡಿದರು. ಒಳಗೆ ಹೋಗಿ, ಮೊದಲೇ ಹೊಲಿದಿಟ್ಟಿದ್ದ ಕೌದಿ ತಂದು ಪಕ್ಕದಲ್ಲಿಟ್ಟು ನೋಡಿದರು. ಒಂದು ಪೇಲವ, ಇನ್ನೊಂದು ದಟ್ಟ ಹಳದಿ. ಸೊಸೆಯನ್ನು ಕರೆದು ಅವಳ ಕೈ ಹಿಡಿದು ನೋಡಿದರು. ಉಗುರುಗಳಲ್ಲಿ ಇನ್ನೂ ಸಿಪ್ಪೆಯ ಕಂದು ಕಲೆ ಕೂತಿತ್ತು.

"ಎಷ್ಟು ದಿನದಿಂದ ನಡೀತಿದೆ ಇದು?"

ಸೊಸೆ ಇದ್ದದ್ದು ಇದ್ದ ಹಾಗೆ ಹೇಳಿದಳು.

"ನನ್ನ ಕಣ್ಣು ಹೋಗಿತ್ತು, ಸರಿ. ನಿನ್ನ ಬಾಯಿ ಎಲ್ಲಿ ಹೋಗಿತ್ತೇ?"

ಅಷ್ಟು ಹೇಳಿ, ಒಲೆ ಆರಿಸಿ, ಒಳಗೆ ಹೋಗಿ ಗೋಡೆ ಕಡೆ ತಿರುಗಿ ಮಲಗಿದರು. ಊಟಕ್ಕೆ ಕರೆದರೂ ಏಳಲಿಲ್ಲ. ಇನ್ನು ಇವರು ಹಂಡೆ ಮುಟ್ಟುವುದಿಲ್ಲ ಎಂದು ಸೊಸೆಗೆ ಜೀವವೇ ಬಾಯಿಗೆ ಬಂದಿತ್ತು.

ಮರುದಿನ ಬೆಳಿಗ್ಗೆ ಅಂಗಡಿಯವರು ಬಂದು ಕೌದಿ ಬಿಡಿಸಿದರು.

"ಏನೇ ಹೇಳಿ ಅಮ್ಮಾ, ಈ ಹಳದಿ ನಿಮ್ಮ ಕೈಗಲ್ದೆ ಬೇರೆಯವ್ರಿಗೆ ಬರಲ್ಲ."

ಅತ್ತೆ ಕೌದಿಯ ಅಂಚು ಹಿಡಿದು ನೋಡಿದರು. ಹೂಂ ಅಂದುಬಿಟ್ಟಿದ್ದರೆ ಯಾರೂ ಕೇಳುತ್ತಿರಲಿಲ್ಲ.

"ನಂದಲ್ಲ," ಎಂದರು. "ಇಷ್ಟು ದಿನ ನೀವು ಹೊಗಳಿದ್ದೆಲ್ಲ ಇವಳ ಬಣ್ಣಾನೇ. ಕುರುಡಿ ಆಗಿದ್ದೋಳು ನಾನು."

ಅಂಗಡಿಯವರು ಸೊಸೆಯತ್ತ ತಿರುಗಿ ನೋಡಿದರು. ಸೊಸೆ ಸೂಜಿ ಕೆಳಗಿಟ್ಟು ಸೆರಗಿನಿಂದ ಕಣ್ಣೊರೆಸಿಕೊಂಡಳು.

"ಅಳೋಕೆ ಪುರುಸೊತ್ತಿಲ್ಲ, ಏಳು," ಎಂದರು ಅತ್ತೆ. "ಹಂಡೆ ಕುದೀತಿದೆ. ಇನ್ನೊಂದು ಸಲ ಅದ್ದಬೇಕೋ ಬೇಡ್ವೋ, ನೀನೇ ಬಂದು ನೋಡಿ ಹೇಳು."