ಭರಮಣ್ಣ ಕಾಕಾ ಪಾಸಾದ ವರ್ಷ

ಬೆಳಿಗ್ಗೆ ಒಂಬತ್ತೂವರೆಗೆ ಬೆಳಗಾವಿಯಲ್ಲಿ ಖಾನಾಪುರದ ಬಸ್ಸು ಹತ್ತಿದೆ. ಇಪ್ಪತ್ತಾರು ಕಿಲೋಮೀಟರಿನ ದಾರಿ. ಕಂಡಕ್ಟರು ಆಧಾರ್ ಕಾರ್ಡು ನೋಡಿ ಶೂನ್ಯ ದರದ ಟಿಕೆಟ್ ಕೊಟ್ಟ. ಚೀಲದಲ್ಲಿ ಅರ್ಧ ಕಿಲೋ ಕುಂದಾ ಮತ್ತು ಒಂದು ಅಂಕಪಟ್ಟಿ ಇತ್ತು. ಕುಂದಾ ಕೊಡುವುದು ಸುಲಭ, ಅಂಕಪಟ್ಟಿಯದೇ ಚಿಂತೆ.

ನಾನು ವಿಶ್ವವಿದ್ಯಾಲಯವೊಂದರಲ್ಲಿ ಪೋರ್ಚುಗೀಸ್ ಕಲಿಸುವ ಅತಿಥಿ ಉಪನ್ಯಾಸಕಿ. ಒಂದು ವರ್ಷದ ಸರ್ಟಿಫಿಕೇಟ್ ತರಗತಿ. ಐದು ಮಂದಿ ಸೇರದಿದ್ದರೆ ನಡೆಸುವಂತಿಲ್ಲ. ಎಂಟು ವರ್ಷ ಆ ಐದನೆಯ ಹೆಸರು ಖಾನಾಪುರದ ಭರಮಣ್ಣ ಕಾಕಾ ಅವರದು. ಪಾತ್ರೆ ಅಂಗಡಿಯನ್ನು ಮಗನಿಗೆ ಒಪ್ಪಿಸಿ, ಶನಿವಾರ ಶನಿವಾರ ತಪ್ಪದೆ ಬರುತ್ತಿದ್ದ ಎಪ್ಪತ್ತರ ಹಿರಿಯ. ಪಾಸಾದವರು ಮತ್ತೆ ಸೇರುವಂತಿಲ್ಲವಲ್ಲ, ಅದಕ್ಕೇ ಪ್ರತಿ ಪರೀಕ್ಷೆಯಲ್ಲೂ ಹೆಸರು, ನಂಬರು ಬರೆದು ಖಾಲಿ ಹಾಳೆ ಕೊಡುತ್ತಿದ್ದರು. ಅದು ನಾವಿಬ್ಬರೂ ಬಾಯಿಬಿಟ್ಟು ಆಡದ ಒಪ್ಪಂದ.

ಈ ಸಲ ಮಾತ್ರ ಪತ್ರಿಕೆ ತುಂಬ ಬರೆದಿದ್ದರು. ಊರಿನ ಬಗ್ಗೆ ಬರೆಯಿರಿ ಎಂಬ ಪ್ರಶ್ನೆಗೆ ಮಲಪ್ರಭೆಯ ಮೇಲೆ ಎರಡು ಪುಟ. ಓದಿ ಕಣ್ಣು ತುಂಬಿ ಬಂತು, ಕೈ ತಡೆಯದೆ ಅಂಕ ಹಾಕಿಬಿಟ್ಟೆ. ಹೊಸಬರು ಯಾರಾದರೂ ಸೇರಿಯಾರೆಂಬ ಭಂಡ ಧೈರ್ಯ. ನಾಲ್ವರೇ ಬಂದರು. ನಿನ್ನೆ ತರಗತಿ ಮುಚ್ಚುವ ಆದೇಶ ಕೈಗೆ ಬಂತು.

ಇಳಿದಾಗ ಜಿಟಿಜಿಟಿ ಮಳೆ. ಕಾಕಾ ಅಂಗಡಿಯಲ್ಲಿ ಹೊಸ ಅರ್ಜಿ ತುಂಬಿಟ್ಟುಕೊಂಡೇ ಕೂತಿದ್ದರು.

"ಬರ್ರಿ ಅಕ್ಕೋರ, ಕುಂದರ್ರಿ. ಫಾರ್ಮ್ ಒಯ್ಯಾಕ ಖುದ್ದ ಬಂದ್ರೇನು?"

ಅಂಕಪಟ್ಟಿ ಮುಂದಿಟ್ಟೆ. ಓದುತ್ತ ಅವರ ಮುಖ ಸಪ್ಪಗಾಯಿತು.

"ಪಾಸ್ ಮಾಡೀರಿ?"

"ಹಂಗ ಬರದ್ರ ಹೆಂಗ ಫೇಲ್ ಮಾಡ್ಲಿ, ಕಾಕಾ? ಯಾಕ ಬರದ್ರಿ?"

"ಏಳು ವರ್ಷ ಖಾಲಿ ಹಾಳಿ ಕೊಟ್ಟೀನ್ರಿ. ನನಗ ಎಷ್ಟ್ ಬರತೈತಿ ಅಂತ ನಿಮಗರ ಗೊತ್ತಾಗ್ಲಿ ಅನಸ್ತು. ಓದಿ, ಫೇಲ್ ಮಾಡ್ತೀರಿ ಅನ್ಕೊಂಡಿದ್ದೆ."

ತರಗತಿ ಮುಚ್ಚಿದ್ದನ್ನು ಹೇಳಿದೆ. ನನ್ನ ಕೆಲಸವೂ ಅದರೊಂದಿಗೇ ಹೋಗಿತ್ತು, ಆದರೆ ಅದನ್ನು ಹೇಳದೆ ಕುಂದಾದ ಪೊಟ್ಟಣ ತೆಗೆದಿಟ್ಟೆ. ಕಾಕಾ ಅರ್ಜಿಯನ್ನು ನಾಲ್ಕು ಮಡಿಕೆ ಮಾಡಿ ಕಿಸೆಗಿಟ್ಟುಕೊಂಡರು.

"ಇನ್ನ ಈ ಭಾಷಾ ಯಾರ ಜೋಡಿ ಮಾತಾಡ್ಲಿ, ಅಕ್ಕೋರ?"

ಅವರು ತರಿಸಿದ ಚಹಾ ಕುಡಿದು ಎದ್ದೆ. ಎಷ್ಟು ಬೇಡವೆಂದರೂ ಕೇಳದೆ, ಛತ್ರಿ ಹಿಡಿದು ಬಸ್ ನಿಲ್ದಾಣದವರೆಗೆ ಬಂದರು. ಬಸ್ಸು ಹೊರಟಾಗ ಕಿಟಕಿಯ ಪಕ್ಕ ನಡೆಯುತ್ತ, ಖರೇನೇ ಚಲೋ ಬರೆದಿದ್ದೆನೇ ಎಂದು ಪೋರ್ಚುಗೀಸಿನಲ್ಲಿ ಕೇಳಿದರು. ಎಂಟು ವರ್ಷದಲ್ಲಿ ಅಷ್ಟು ಚೆನ್ನಾಗಿ ಯಾರೂ ಬರೆದಿಲ್ಲ ಎಂದು ನಾನೂ ಅದೇ ಭಾಷೆಯಲ್ಲಿ ಕೂಗಿದೆ. ಬಸ್ಸಿನವರೆಲ್ಲ ತಿರುಗಿ ನೋಡಿದರು. ಕಾಕಾ ಛತ್ರಿ ಮಡಚಿ, ಮಳೆಯಲ್ಲೇ ನಿಂತು, ಎರಡೂ ಕೈ ಜೋಡಿಸಿದರು.