ರೊಟ್ಟಿ ಅಂಗಡಿಗೆ ಕುರಿಯ ಬಂಡವಾಳ

ಕಳೆದ ಡಿಸೆಂಬರಿನ ಮೊದಲ ಸೋಮವಾರ, ಬೆಳಿಗ್ಗೆ ಏಳು ಗಂಟೆ. ಸ್ಥಳ, ಭಾಲ್ಕಿಯಲ್ಲಿ ನನ್ನ ತಂಗಿಯ ಅಡುಗೆಮನೆ. ಹಾಜರಿದ್ದವರು ತಂಗಿ, ಅವಳ ಸೊಸೆ ಮತ್ತು ನಾನು. ಆಸ್ಪತ್ರೆಯಲ್ಲಿ ನರ್ಸ್ ಆಗಿದ್ದವಳಿಗೆ ವರದಿಯನ್ನು ಹೀಗಲ್ಲದೆ ಬೇರೆ ರೀತಿ ಶುರುಮಾಡಲು ಬರುವುದಿಲ್ಲ. ನಾನಿರುವುದು ಬೀದರಿನಲ್ಲಿ. ಭಾನುವಾರ ತಂಗಿಯ ಮನೆಗೆ ಹೋಗುವುದು, ಸೋಮವಾರ ಮೊದಲ ಬಸ್ಸಿಗೆ ಮರಳುವುದು ನನ್ನ ಕ್ರಮ. ಆ ದಿನ ಆ ಬಸ್ಸು ಹತ್ತಲಿಲ್ಲ. ಕಾರಣ, ಸೊಸೆಯ ಮೊಬೈಲಿಗೆ ಬಂದ ಒಂದು ಫೋಟೋ.

ಫೋಟೋದಲ್ಲಿ ಒಂದು ಸ್ಟೀಲಿನ ತಟ್ಟೆ, ತಟ್ಟೆಯ ತುಂಬ ಜೋಳದ ರೊಟ್ಟಿಯ ಚೂರು. ಕಳಿಸಿದವರು ಪುಣೆಯ ಗಿರಾಕಿ. ಕೆಳಗೆ ಬರೆದಿದ್ದರು: ‘ಇದಕ್ಕೆ ನೀವು ರೊಟ್ಟಿ ಅನ್ನುತ್ತೀರೋ, ಹಿಟ್ಟು ಅನ್ನುತ್ತೀರೋ?’

ತಂಗಿ ತವೆಯ ಮೇಲಿನ ರೊಟ್ಟಿಗೆ ನೀರು ಸವರುತ್ತ ಹೇಳಿದಳು: “ಹ್ಯಾಂಗೂ ಮುರದದ, ಬೆಳ್ಳುಳ್ಳಿ ಎಣ್ಣಿ ಹಾಕಿ ಕುಟ್ಟಿ ಮುಟಗಿ ಉಂಡಿ ಮಾಡ್ಕೋರಿ ಅಂತ ಬರಿ.”

“ಅತ್ತಿ, ಅವರು ರೊಕ್ಕಾ ವಾಪಸ್ ಕೇಳ್ಯಾರ್ರಿ,” ಎಂದಳು ಸೊಸೆ. ಅವಳ ಮುಖ ಸಣ್ಣದಾಗಿತ್ತು.

ಆ ಅಂಗಡಿ ಸೊಸೆಯದು. ಅಂಗಡಿ ಎಂದರೆ ಮೊಬೈಲಿನೊಳಗಿನ ಒಂದು ಪುಟ. ತಂಗಿಯ ಕೈಯ ಖಡಕ್ ರೊಟ್ಟಿ, ಶೇಂಗಾ ಹಿಂಡಿ ಎನ್ನುವ ಚಟ್ನಿಪುಡಿ ಎರಡನ್ನೂ ಊರೂರಿಗೆ ಕಳಿಸುತ್ತಿದ್ದಳು. ಶುರುಮಾಡಿದ ದಿನ ನನಗೆ ಹೆಮ್ಮೆಯಿಂದ ಹೇಳಿದ್ದಳು: “ದೊಡ್ಡತ್ತಿ, ಬಾಡಗಿ ಇಲ್ಲ, ಬಾಗಲಾ ಇಲ್ಲ. ಒಂದು ಪೈಸಾ ಬಂಡವಾಳ ಇಲ್ದ ಅಂಗಡಿ ತೆರದೀನಿ ನೋಡ್ರಿ.” ಡಬ್ಬಿಗಳನ್ನು ಔಷಧಿ ಅಂಗಡಿಯಿಂದ ಫುಕಟ್ ತರುತ್ತಿದ್ದಳು. ಕೆಮ್ಮಿನ ಔಷಧಿಯ ಹೆಸರು ಹೊತ್ತ ರಟ್ಟಿನಲ್ಲಿ ರೊಟ್ಟಿ ಹೈದರಾಬಾದಿಗೆ ಹೋಗುತ್ತಿತ್ತು.

ಎಳ್ಳಮಾಸಿ, ಅಂದರೆ ಎಳ್ಳು ಅಮಾವಾಸ್ಯೆಯ ಹಬ್ಬ, ಹತ್ತಿರ ಬಂದಿತ್ತು. ಹೊರಗಿರುವ ನಮ್ಮ ಕಡೆಯವರಿಗೆ ಆಗ ರೊಟ್ಟಿಯ ನೆನಪಾಗುತ್ತದೆ, ಆರ್ಡರುಗಳೂ ರಾಶಿ ಬಿದ್ದಿದ್ದವು. ಇವೂ ಪುಡಿಯಾಗಿ ಮುಟ್ಟಿದರೆ ಆ ಪುಟವನ್ನು ಮತ್ತೆ ಯಾರೂ ತೆರೆಯುವುದಿಲ್ಲ. ಮದುವೆಯಾಗಿ ಬಂದ ಮೇಲೆ ಅವಳು ತನ್ನದೆಂದು ಕಟ್ಟಿದ್ದು ಅದೊಂದೇ.

ಉಳಿದ ಡಬ್ಬಿಗಳಲ್ಲಿ ಒಂದನ್ನು ತೆರೆಸಿದೆ. ಸೊಸೆ ಹತ್ತು ರೊಟ್ಟಿ ತೂಗಿ ಇಟ್ಟಿದ್ದಳು. ಒಳಗೆ ಹನ್ನೆರಡಿದ್ದವು, ಅವುಗಳ ಮೇಲೆ ಒಂದು ಹಿಡಿ ಹಿಂಡಿಯ ಪೊಟ್ಟಣವನ್ನು ತುರುಕಲಾಗಿತ್ತು. ಮುಚ್ಚಳ ಉಬ್ಬಿತ್ತು.

“ಇದ್ಯಾರ ಕೆಲಸ?” ಎಂದೆ.

“ಕೊಸರು, ಅಕ್ಕಾ,” ಎಂದಳು ತಂಗಿ, ಇದರಲ್ಲಿ ಕೇಳುವುದೇನಿದೆ ಎಂಬಂತೆ. “ಕೊಸರು ಹಾಕ್ದೆ ಕೊಟ್ರ ಗಿರಾಕಿ ಏನಂದಾರು?”

“ಅತ್ತಿ, ಗಿರಾಕಿ ಪುಣೇದಾಗ ಕುಂತಾರ್ರಿ. ನಿಮ್ಮ ಕೈ ಅವರಿಗಿ ಎಲ್ಲಿ ಕಾಣ್ತದ?”

“ಕೈ ಕಾಣಲ್ಲ, ರೊಟ್ಟಿ ಕಾಣ್ತದಲ್ಲ!”

ಸಂತೆಯಲ್ಲಿ ಸೇರು ಅಳೆದ ಮೇಲೆ ಒಂದು ಹಿಡಿ ಹೆಚ್ಚಿಗೆ ಸುರಿದೇ ಅಭ್ಯಾಸವಾದ ಕೈ ಅದು. ಆ ಎರಡು ರೊಟ್ಟಿಯಿಂದ ಪಾರ್ಸಲ್ ತೂಕ ಮೀರಿ ಕೊರಿಯರಿನ ದರ ಮೇಲಿನ ಹಂತಕ್ಕೆ ಏರುತ್ತಿತ್ತು. ಮೆತ್ತನೆಯ ಹಳೇ ರಟ್ಟು ಒತ್ತಡ ತಾಳದೆ ರೊಟ್ಟಿ ಒಡೆಯುತ್ತಿತ್ತು. ಸೊಸೆ ನಷ್ಟ ಎಲ್ಲಿಂದ ಎಂದು ತಿಳಿಯದೆ ಒದ್ದಾಡುತ್ತಿದ್ದಳು, ಅತ್ತೆ ಪ್ರೀತಿಯಿಂದ ನಷ್ಟವನ್ನು ತುಂಬಿ ಕಳಿಸುತ್ತಿದ್ದಳು.

ಏನೇನು ಬೇಕು ಎಂದು ಸೊಸೆಯನ್ನೇ ಕೇಳಿದೆ. ಗಟ್ಟಿ ಡಬ್ಬಿ ಬೇಕು. ಹಿಂಡಿಯ ಚೀಲದ ಬಾಯಿ ಮುಚ್ಚುವ ಮಷೀನು ಬೇಕು. ತಿನ್ನುವ ಪದಾರ್ಥ ಮಾರಲು ಸರ್ಕಾರದ ಲೈಸೆನ್ಸು ಬೇಕು. ರೊಟ್ಟಿ ತಟ್ಟಲು ಬರುವ ಪಕ್ಕದ ಮನೆಯವಳಿಗೆ ಕೂಲಿ ಕೊಡಬೇಕು. ಮೇಲಾಗಿ, ಗಿರಾಕಿ ಇವತ್ತು ಕಟ್ಟಿದ ಹಣ ಆ ಪುಟ ನಡೆಸುವ ಕಂಪನಿಯಿಂದ ನಮ್ಮ ಕೈಗೆ ಬರುವುದು ಎಷ್ಟೋ ದಿನಗಳ ಮೇಲೆ. ಅಷ್ಟರವರೆಗೆ ಜೋಳ, ಶೇಂಗಾ ತರಲು ಕೈಯಲ್ಲಿ ಬೇರೆ ದುಡ್ಡಿರಬೇಕು. ವ್ಯಾಪಾರ ಹೆಚ್ಚಿದಷ್ಟೂ ಕೈ ಹೆಚ್ಚು ಬರಿದಾಗುವುದು ನನಗೂ ಅಂದೇ ತಿಳಿಯಿತು. ತಂಗಿಯ ಮಗ ಬೀದರಿನ ಪಕ್ಕದ ಕೊಳಾರ ಕೈಗಾರಿಕಾ ಪ್ರದೇಶದ ಗೋದಾಮಿನಲ್ಲಿ ಕೆಲಸಕ್ಕಿದ್ದಾನೆ. ಅವನ ಸಂಬಳ ಮನೆಗೇ ಸರಿಹೋಗುತ್ತದೆ. ನಾನು ಕೊಡುತ್ತೇನೆಂದರೆ ಸೊಸೆ ಒಪ್ಪಲಿಲ್ಲ.

“ನನ್ನವು ಕುರಿ ಅವ, ದೊಡ್ಡತ್ತಿ,” ಎಂದಳು.

ಅವಳ ತವರು ಔರಾದಿನ ಹತ್ತಿರ. ಆ ಮನೆಯಲ್ಲಿ ಮದುವೆಯಾಗಿ ಹೋಗುವ ಮಗಳ ಹೆಸರಿಗೆ ಒಂದು ಹೆಣ್ಣುಕುರಿ ಬಿಡುತ್ತಾರೆ. ಕುರಿ ತವರಿನ ಹಿಂಡಿನಲ್ಲೇ ಇರುತ್ತದೆ, ಅದರ ಸಂತಾನವೆಲ್ಲ ಮಗಳದು. ಇವಳ ಕುರಿ ಈಗ ಪುಟ್ಟ ಹಿಂಡೇ ಆಗಿತ್ತು. ತಂದೆಗೆ ಫೋನು ಮಾಡಿ, ಹೊಸ ಡಬ್ಬಿಯ ಅಳತೆಗೆಂದು ಒಂದು ದೊಡ್ಡ ಕಟ್ಟು ರೊಟ್ಟಿ ಚೀಲದಲ್ಲಿಟ್ಟುಕೊಂಡು ನಾವಿಬ್ಬರೂ ಔರಾದಿನ ಬಸ್ಸು ಹತ್ತಿದೆವು. ತಂದೆ ಕರೆಸಿದ್ದ ಕುರಿ ವ್ಯಾಪಾರಿ ನಮಗಿಂತ ಮೊದಲೇ ಬಂದು ಕೂತಿದ್ದ.

ತಂದೆ ಮಗಳನ್ನು ನೋಡಿ ನಕ್ಕರು. “ನಿನ್ನ ಅಂಗಡಿಗಿ ಏನೂ ಬ್ಯಾಡ ಅಂದಿದ್ದಿ. ಈಗ ನೋಡಿದ್ರ ಕುರಿ ತಿಂತದಲ್ಲವ್ವ ಅದು!”

“ತಿಂದು ದೊಡ್ಡದಾಗ್ತದ, ಅಪ್ಪಾ.”

“ದೊಡ್ಡದಾದ್ರ ಮತ್ತಷ್ಟು ಕುರಿ ಕೇಳ್ತದ.”

ಎರಡು ಟಗರು ಮಾರಿ ಸದ್ಯಕ್ಕೆ ಡಬ್ಬಿ ಕೊಳ್ಳೋಣ ಎಂಬುದು ಅವಳ ಲೆಕ್ಕ. ನಾನು ಬೇಡವೆಂದೆ. ಔಷಧಿಯನ್ನು ಅರ್ಧಕ್ಕೇ ಬಿಟ್ಟ ರೋಗಿಗಳನ್ನು ಬಹಳ ನೋಡಿದ್ದೇನೆ. ಔಷಧಿಯೂ ಹೋಗುತ್ತದೆ, ಜ್ವರವೂ ಉಳಿಯುತ್ತದೆ. ಬರೀ ಡಬ್ಬಿ ತಂದು ಜೋಳಕ್ಕೆ ದುಡ್ಡಿಲ್ಲದೆ ಕೂತರೆ ಟಗರು ಹೋದದ್ದೇ ಬಂತು. “ಹಾಕೂದಾದ್ರ ಪೂರಾ ಹಾಕು. ಇಲ್ಲಾಂದ್ರ ಇವತ್ತೇ ಮುಚ್ಚು,” ಎಂದೆ. ಅವಳು ನೀರು ತರಲು ಒಳಗೆ ಹೋದಳು.

ಆಗ ತಂದೆ ನನ್ನ ಕಡೆ ತಿರುಗಿದರು. “ಕುರಿ ನೋಡ್ಲಿಕ್ಕಂತ ತಿಂಗಳಿಗೊಮ್ಮೆ ಬರ್ತಾಳ್ರಿ ಬೀಗರ. ಎಲ್ಲಾ ಮಾರಿದ ಮ್ಯಾಲ ಯಾತಕ್ಕ ಬರ್ತಾಳ?”

“ನಿಮ್ಮನ್ನ ನೋಡ್ಲಿಕ್ಕ ಬರ್ತಾಳ್ರಿ.”

“ನನ್ನಲ್ಲೇನದ ನೋಡೂದು? ಕುರಿಗಾದ್ರ ವರ್ಷಾ ಹೊಸಾ ಉಣ್ಣೆ ಬರ್ತದ. ನನಗ ಇದ್ದ ಕೂದಲಾನೂ ಹೋಗ್ಯಾವ.” ರುಮಾಲು ಸರಿಸಿ ತೋರಿಸಿದರು. ನಕ್ಕೆ. ಅವರು ನಗಲಿಲ್ಲ.

ಸೊಸೆ ಬಾಗಿಲಲ್ಲಿ ತಂಬಿಗೆ ಹಿಡಿದು ನಿಂತಿದ್ದಳು, ಎಲ್ಲವನ್ನೂ ಕೇಳಿದ್ದಳು. ನೇರ ಹಟ್ಟಿಗೆ ನಡೆದಳು. ಟಗರುಗಳನ್ನೂ ಮೂರು ಹೆಣ್ಣುಕುರಿಗಳನ್ನೂ ಒಂದೊಂದಾಗಿ ಕೈಯಿಟ್ಟು ವ್ಯಾಪಾರಿಗೆ ತೋರಿಸಿದಳು. ಅವನ ಕಣ್ಣು ಮೂಲೆಯಲ್ಲಿದ್ದ ಗಬ್ಬದ ಕುರಿಯ ಮೇಲಿತ್ತು. ಅದಕ್ಕೆ ಬೇರೆ ಬೆಲೆ ಕೊಡುತ್ತೇನೆಂದ.

“ಅದು ಮಾರೂದಲ್ಲ,” ಎಂದಳು. “ಅದು ಈಯೂ ಹೊತ್ತಿಗಿ ನಾ ಇಲ್ಲಿರಬೇಕು. ಅಪ್ಪಾ, ಆಗ ಫೋನ್ ಮಾಡು. ಮಾಡ್ಲಿಲ್ಲಂದ್ರ ನಿನ್ನ ಜೋಡಿ ಮಾತಾಡಲ್ಲ.”

“ನೀ ಫೋನ್ ಇಟ್ರ ನಾ ಮಾಡೂದು! ಯಾವಾಗ್ಲೂ ರೊಟ್ಟಿ, ರೊಟ್ಟಿ ಅಂತ ಬಿಜಿ ಇರ್ತದ,” ಎಂದು ತಂದೆ ರುಮಾಲನ್ನು ಮತ್ತೆ ಸುತ್ತಿಕೊಂಡರು. ಅವರ ದನಿ ಹಗುರಾಗಿತ್ತು. ವ್ಯಾಪಾರಿ ಹಣ ಕೊಟ್ಟ. ಕುರಿಗಳು ಟೆಂಪೋ ಏರುವಾಗ ಅವಳು ಅತ್ತ ನೋಡಲಿಲ್ಲ, ನನ್ನ ಕೈ ಹಿಡಿದುಕೊಂಡಿದ್ದಳು.

ಮಧ್ಯಾಹ್ನದ ಬಸ್ಸಿಗೆ ಬೀದರ್. ತಂಗಿಯ ಮಗ ಹೇಳಿಟ್ಟಿದ್ದ ರಟ್ಟಿನ ಡಬ್ಬಿಯ ಕಾರ್ಖಾನೆ ಕೊಳಾರದಲ್ಲಿತ್ತು. ಅಳತೆ ಕೇಳಿದರು. ನಾನು ತಂಗಿಗೆ ಫೋನು ಹಚ್ಚಿದೆ.

“ಒಂದು ಡಬ್ಬ್ಯಾಗ ಎಷ್ಟು ರೊಟ್ಟಿ ಹಾಕ್ತಿ?”

“ಹತ್ತು, ಅಕ್ಕಾ.”

“ಖರೇ ಹೇಳು.”

ಅವಳು ತವೆಯ ಮೇಲಿನ ರೊಟ್ಟಿ ಮಗುಚಿದ ಸದ್ದು ಕೇಳಿತು. “ಹನ್ನೆರಡು.”

ಹನ್ನೆರಡು ರೊಟ್ಟಿ ಆರಾಮಾಗಿ ಕೂರುವ ಡಬ್ಬಿ ಆರಿಸಿ ಒಂದು ಕಟ್ಟು ಕೊಂಡೆವು. ಕೊಸರಿನ ತೂಕವನ್ನೂ ಸೇರಿಸಿ ದರ ಇಡುವುದೆಂದು ಸೊಸೆ ಅಲ್ಲೇ ತೀರ್ಮಾನಿಸಿದಳು. ಅತ್ತೆಯ ಕೈಯನ್ನು ತಡೆಯುವುದಕ್ಕಿಂತ ಅದು ಸುಲಭ ಎಂದಳು. ಚೀಲ ಮುಚ್ಚುವ ಮಷೀನನ್ನು ಪೇಟೆಯಲ್ಲಿ ಕೊಂಡೆವು. ಲೈಸೆನ್ಸಿನ ಅರ್ಜಿಗೂ ಅಲ್ಲೇ ಒಂದು ಕಂಪ್ಯೂಟರ್ ಅಂಗಡಿಯಲ್ಲಿ ಹಣ ಕಟ್ಟಿದೆವು. ಜೋಳ, ಶೇಂಗಾ, ಕೂಲಿಗೆಂದು ಉಳಿದದ್ದನ್ನು ಅವಳು ಬೇರೆ ಗಂಟು ಕಟ್ಟಿದಳು.

ನನ್ನ ಮನೆಯ ಮೆಟ್ಟಿಲ ಮೇಲೆ ಪರೀಕ್ಷೆ ನಡೆಯಿತು. ಭಾಲ್ಕಿಯಿಂದ ತಂದ ಕಟ್ಟಿನಿಂದ ಹನ್ನೆರಡು ರೊಟ್ಟಿ ತುಂಬಿ ಡಬ್ಬಿಯನ್ನು ಮೇಲಿಂದ ಬಿಟ್ಟೆವು. ತೆರೆದರೆ ಅಂಚುಗಳು ಮುರಿದಿದ್ದವು. ಅವನ್ನು ತೆಗೆದು ಬೇರೆ ಹನ್ನೆರಡು ಇಟ್ಟು, ಸುತ್ತಲೂ ಕಾಗದ ಉಂಡೆಮಾಡಿ ತುಂಬಿ ಮತ್ತೆ ಬಿಟ್ಟೆವು. ಎದುರು ಮನೆಯವರು ಹೊರಗೆ ಬಂದು, “ಏನ್ ಒಗೀಲಿಕತ್ತೀರಿ ಸಿಸ್ಟರ್?” ಎಂದರು. “ಕುರಿ,” ಎಂದಳು ಸೊಸೆ, ಡಬ್ಬಿ ತೆರೆಯುತ್ತ. ರೊಟ್ಟಿಗಳು ಇಡಿಯಾಗಿದ್ದವು. ಅವಳು ಅಲ್ಲೇ ಮೆಟ್ಟಿಲ ಮೇಲೆ ಕೂತು ಜೋರಾಗಿ ನಕ್ಕಳು, ನಗುತ್ತಲೇ ಕಣ್ಣೊರೆಸಿಕೊಂಡಳು.

ಒಡೆಯದೆ ಉಳಿದ ರೊಟ್ಟಿಗಳನ್ನೇ, ಪುಡಿಯಾದವುಗಳ ಬದಲಿಗೆ, ಪುಣೆಯ ಗಿರಾಕಿಗೆ ಕಟ್ಟಿ, ಕೊರಿಯರಿನವರು ಬಾಗಿಲು ಹಾಕುವ ಮೊದಲು ಕೊಟ್ಟು ಬಂದೆವು. ಮರಳಿದ ಮೇಲೆ, ಬೆಳಿಗ್ಗೆ ಭಾಲ್ಕಿಗೆ ಒಯ್ಯಬೇಕಾದ ಹೊಸ ಡಬ್ಬಿಗಳ ಕಟ್ಟನ್ನು ನೆಲದ ತೇವ ತಗಲದಂತೆ ನನ್ನ ಮಂಚದ ಹಲಗೆಗಳ ಮೇಲೆ, ಗೋಡೆಯಿಂದ ಒಂದು ಗೇಣು ದೂರಕ್ಕೆ, ಸಾಲಾಗಿ ಜೋಡಿಸಿ ಹಳೇ ಸೀರೆ ಹೊದಿಸಿದೆವು, ನಾವಿಬ್ಬರೂ ಕೆಳಗೆ ಚಾಪೆ ಹಾಸಿಕೊಂಡೆವು.