ಹೊಂಗೆ ಮರದಡಿಯ ಪರಮಪ್ರಸಾದ

ಅವ್ವ ತೀರಿಕೊಂಡ ಮೇಲೆ ನನ್ನನ್ನು ಸಾಕಿದವಳು ಅಕ್ಕ. ಪಿರಿಯಾಪಟ್ಟಣದ ಶಾಲೆಯೊಂದರಲ್ಲಿ ಟೀಚರಾಗಿದ್ದಳು, ಮದುವೆಯಾಗಲಿಲ್ಲ. ನಿವೃತ್ತಿಯಾದ ವರ್ಷ, "ಒಂದ್ಸಲ ಹಿಮದ ಬೆಟ್ಟ ನೋಡ್ಬೇಕು ಕಣೆ" ಅಂದಳು. ಪ್ರವಾಸಿ ತಂಡವೊಂದರ ಜೊತೆ ಇಬ್ಬರೂ ನೇಪಾಳಕ್ಕೆ ಹೊರಟೆವು.

ಬೆಟ್ಟ ನೋಡಿದೆವು. ಎಳೆಬಿಸಿಲಿಗೆ ಹೊಳೆಯುತ್ತಿದ್ದ ಹಿಮವನ್ನು ಅಕ್ಕ ಬಹಳ ಹೊತ್ತು ನೋಡಿ, "ಇದ್ನೆಲ್ಲ ಮಾಡಿದೋನು ಎಷ್ಟು ದೊಡ್ಡೋನಿರ್ಬೇಕು!" ಎಂದು ಶಿಲುಬೆಯ ಗುರುತು ಹಾಕಿಕೊಂಡಳು.

ಮಾರನೆಯ ದಿನ ಅವಳು ಲಾಡ್ಜಿನ ಕೋಣೆಯಲ್ಲಿ ತಲೆ ಬಾಚಿಕೊಳ್ಳುತ್ತಿದ್ದಾಗ, ನಾನು ಫ್ಲಾಸ್ಕಿಗೆ ಬಿಸಿನೀರು ತರಲು ಕೆಳಗಿಳಿದಿದ್ದೆ. ಮೊದಲು ಕಿಟಕಿಯ ಗಾಜುಗಳು ಗಡಗಡ ಅಂದವು. ಆಮೇಲೆ ನೆಲವೇ ಅಲುಗಾಡಿತು. ಯಾರೋ ನನ್ನನ್ನು ಬೀದಿಗೆ ಎಳೆದರು. ತಿರುಗಿ ನೋಡಿದರೆ ಲಾಡ್ಜ್ ಇರಲಿಲ್ಲ, ಬರೀ ಧೂಳು.

ಅಕ್ಕನ ದೇಹ ಸಿಕ್ಕಿದ್ದು ಮರುದಿನ. ರಸ್ತೆಗಳೆಲ್ಲ ಮುಚ್ಚಿಹೋಗಿದ್ದವು, ಊರಿಗೆ ತರುವಂತಿರಲಿಲ್ಲ. ಅಲ್ಲಿಯ ಜನರೇ ಗುಂಡಿ ತೋಡಿಕೊಟ್ಟರು. ಚರ್ಚಿನ ಗುರುಗಳಿರಲಿಲ್ಲ, ಹಾಡುವವರಿರಲಿಲ್ಲ. ನಾನೇ ಪ್ರಾರ್ಥನೆ ಹೇಳೋಣವೆಂದು ಬಾಯಿ ತೆರೆದೆ. ಒಂದು ಮಾತೂ ಹೊರಡಲಿಲ್ಲ. ಮಣ್ಣು ಹಾಕಿ ಬಂದುಬಿಟ್ಟೆ.

ನನ್ನ ಊರು ಹುಣಸೂರಿಗೆ ಮರಳಿದ ಮೇಲೆ ಯಾವ ತಾರಸಿಯ ಕೆಳಗೂ ಕೂರಲಾಗುತ್ತಿರಲಿಲ್ಲ. ಹೊಗೆಸೊಪ್ಪಿನ ಲಾರಿ ಹೋಗಿ ಮನೆ ಸ್ವಲ್ಪ ಅದುರಿದರೂ ಹೊರಗೆ ಓಡುತ್ತಿದ್ದೆ. ಚರ್ಚಿಗೆ ಹೋಗುವುದನ್ನೂ ಬಿಟ್ಟೆ. ಅದು ಹೆದರಿಕೆಯೊಂದೇ ಅಲ್ಲ. ತನ್ನನ್ನು ಹಾಗೆ ಹೊಗಳಿದವಳನ್ನೇ ದೇವರು ಕಿತ್ತುಕೊಂಡನಲ್ಲ ಎಂಬ ಸಿಟ್ಟೂ ಇತ್ತು.

ಒಂದು ಭಾನುವಾರ ಪಕ್ಕದ ಮನೆಯ ಅಜ್ಜಿ ಬಂದರು. ಅವರು ನಮ್ಮ ಮತದವರಲ್ಲ.

"ಎದ್ದೇಳವ್ವ. ನಿಮ್ ದೇವ್ರ ಮೇಲೆ ಸಿಟ್ಟಿದ್ರೆ ಅಲ್ಲೇ ಓಗಿ ಬೈದು ಬಾ. ನಾನೂ ಬತ್ತೀನಿ."

ಹೋದೆವು. ಆದರೆ ಚರ್ಚಿನ ಹೊಸಿಲು ದಾಟಲು ನನ್ನಿಂದಾಗಲಿಲ್ಲ. ಎದುರಿಗಿದ್ದ ಹೊಂಗೆ ಮರದ ಕೆಳಗೆ, ಕಲ್ಲಿನ ಮೇಲೆ ಇಬ್ಬರೂ ಕೂತೆವು. ಒಳಗಿನಿಂದ ಹಾಡು ಕೇಳುತ್ತಿತ್ತು. ಒಳಗಿದ್ದವರಿಗೆ ಪರಮಪ್ರಸಾದದ ರೊಟ್ಟಿ ಕೊಟ್ಟು ಮುಗಿದಿರಬೇಕು, ಗುರುಗಳು ಪೂಜೆಯ ಬಟ್ಟೆಯಲ್ಲೇ, ಬಟ್ಟಲು ಹಿಡಿದುಕೊಂಡು ಬಿಸಿಲಿಗಿಳಿದು ನೇರವಾಗಿ ನನ್ನ ಬಳಿಗೆ ಬಂದರು.

"ಕ್ರಿಸ್ತರ ಶರೀರ" ಎಂದು ಬಟ್ಟಲಿನಿಂದ ಒಂದು ತುಣುಕು ಎತ್ತಿ ನನ್ನ ಮುಂದೆ ಹಿಡಿದರು.

"ಆಮೆನ್" ಎಂಬ ಮಾತು ತಾನಾಗಿಯೇ ಬಂತು. ಅದರ ಹಿಂದೆಯೇ ಅಳು. ಊರಿಗೆ ಬಂದಮೇಲೆ ನಾನು ಅತ್ತೇ ಇರಲಿಲ್ಲ. ಗುರುಗಳು ನನ್ನ ತಲೆಯ ಮೇಲೆ ಕೈಯಿಟ್ಟು ನಿಂತರು. ಅವರು ಒಳಗೆ ಹೋದ ಮೇಲೆ ಅಜ್ಜಿ ಸೆರಗಿನಿಂದ ನನ್ನ ಮುಖ ಒರೆಸಿದರು. "ಅಳು ಕಣವ್ವ. ಎಲ್ಲಾನೂ ಅವ್ನಿಗೇ ಹೇಳ್ಬುಡು."

ಆಮೇಲೆ ಎಷ್ಟೋ ಭಾನುವಾರ ಗುರುಗಳು ಹಾಗೆಯೇ ಹೊರಗೆ ಬಂದರು. ಈಗ ನಾನು ಒಳಗೆ, ಬಾಗಿಲ ಪಕ್ಕದ ಕೊನೆಯ ಬೆಂಚಿನಲ್ಲಿ ಕೂರುತ್ತೇನೆ. ಭೂಮಿ ಯಾಕೆ ನಡುಗಿತು, ಅಕ್ಕನೇ ಯಾಕೆ ಹೋಗಬೇಕಿತ್ತು ಎಂಬುದಕ್ಕೆ ಉತ್ತರ ಸಿಕ್ಕಿಲ್ಲ. ಒಳಗೆ ಬರಲಾಗದ ನನ್ನನ್ನು ಹುಡುಕಿಕೊಂಡು ಬಂದ ಯೇಸುಸ್ವಾಮಿ, ಆ ಧೂಳಿನಡಿಯಲ್ಲೂ ನಮಗಿಂತ ಮೊದಲೇ ಅಕ್ಕನ ಬಳಿ ಹೋಗಿದ್ದರು ಎಂದು ನಂಬುತ್ತೇನೆ. ನಂಬಲಾಗದ ದಿನಗಳೂ ಇವೆ. ಆಗಲೂ ಹೋಗಿ ಕೂರುತ್ತೇನೆ.